ನೀರ್ ಸಾಬರ ಇನ್ನೊಂದು ಕೆಲಸ

ನಿಮ್ಮೂರಿನ ಹಳೇ ಬೋರಿಂಗಿನ ಹತ್ತಿರ ಅರವತ್ತು ದಾಟಿದ ಯಾರಾದರೂ ಕೂತಿದ್ದರೆ, ಇದನ್ನು ಹಾಕಿಸಿದ್ದು ಯಾರು ಎಂದು ಕೇಳಿ ನೋಡಿ. ಆಗ ಎಂಎಲ್‌ಎ ಯಾರಿದ್ದರು ಎಂಬುದು ಮರೆತಿರಬಹುದು. ಆದರೆ ‘ನೀರ್ ಸಾಬ್ರು’ ಎನ್ನುವವರು ಈಗಲೂ ಸಿಗುತ್ತಾರೆ.

ಅವರ ನಿಜವಾದ ಹೆಸರು ಅಬ್ದುಲ್ ನಜೀರ್ ಸಾಬ್. ನಜೀರ್ ಸಾಬ್ ಎನ್ನುವುದು ಜನರ ಬಾಯಲ್ಲಿ ನೀರ್ ಸಾಬ್ ಆಯಿತು. ಸರ್ಕಾರ ಕೊಡುವ ಬಿರುದುಗಳಿಗೆ ಸನ್ಮಾನ ಪತ್ರ, ಶಾಲು, ಹಾರ ಬೇಕು. ಈ ಬಿರುದಿಗೆ ಅದ್ಯಾವುದೂ ಬೇಕಾಗಲಿಲ್ಲ, ಕೊಡ ತುಂಬಿಸಿಕೊಂಡು ಹೋದವರೇ ಇಟ್ಟ ಹೆಸರು ಅದು. ನಮಗೆ ಈ ಹೆಸರಿನ ಮೇಲೆ ಪ್ರೀತಿ ಇದೆ, ಸ್ವಲ್ಪ ತಕರಾರೂ ಇದೆ. ಅವರು ಮಾಡಿದ ಎರಡು ದೊಡ್ಡ ಕೆಲಸಗಳಲ್ಲಿ ಒಂದನ್ನು ಮಾತ್ರ ಅದು ನೆನಪಿನಲ್ಲಿ ಉಳಿಸಿದೆ. ಇನ್ನೊಂದು ಕೆಲಸ ನಮ್ಮ ನಿಮ್ಮ ಪಂಚಾಯಿತಿ ಕಟ್ಟೆಯಲ್ಲಿ ಕೂತಿದ್ದರೂ ಯಾರದೆಂದು ಗುರುತು ಸಿಗುವುದಿಲ್ಲ.

ನಜೀರ್ ಸಾಬರು ಗುಂಡ್ಲುಪೇಟೆಯವರು. ಈಗ ಅದು ಚಾಮರಾಜನಗರ ಜಿಲ್ಲೆಯಲ್ಲಿದೆ, ಅವರ ಕಾಲಕ್ಕೆ ಮೈಸೂರು ಜಿಲ್ಲೆಯಲ್ಲಿತ್ತು. ಊಟಿಗೂ ವಯನಾಡಿಗೂ ಹೋಗುವವರು ಹಾದುಹೋಗುವ ಊರು. ಗಡಿಯಾಚೆ ವಯನಾಡಿನಲ್ಲಿ ಮಳೆ ಸುರಿಯುತ್ತಿರುತ್ತದೆ, ಈಚೆ ಬಯಲಿನಲ್ಲಿ ಮೋಡ ನೋಡಿಕೊಂಡು ಹೊಲ ಉಳಬೇಕು. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬರ ಪಾಲಿಗೆ ಬಂತು. ಕಂದಾಯ, ಲೋಕೋಪಯೋಗಿಯಂತಹ ಖಾತೆಗಳಿಗೆ ಮಂತ್ರಿಗಳು ಜಗಳವಾಡುತ್ತಾರೆ. ಇದಕ್ಕೆ ಆಗ ಅಂತಹ ಬೇಡಿಕೆ ಇರಲಿಲ್ಲ.

ಅದರ ಹಿಂದೆಯೇ ಬರಗಾಲದ ವರ್ಷಗಳು ಬಂದವು. ಎಂಬತ್ತರ ದಶಕದ ನಡುವೆ ರಾಜ್ಯದ ಒಣಭೂಮಿಯಲ್ಲಿ ಮಳೆ ಮತ್ತೆ ಮತ್ತೆ ಕೈಕೊಟ್ಟಿತು. ನಮ್ಮ ಬಯಲುಸೀಮೆಯ ನೆಲದಡಿ ಇರುವುದು ಗಟ್ಟಿ ಬಂಡೆ. ಕೈಯಲ್ಲಿ ತೋಡಿದ ತೆರೆದ ಬಾವಿ ಮೂವತ್ತು ನಲವತ್ತು ಅಡಿಗೆ ಬಂಡೆ ಮುಟ್ಟಿ ನಿಲ್ಲುತ್ತದೆ, ಎರಡು ವರ್ಷ ಮಳೆ ಇಲ್ಲದಿದ್ದರೆ ತಳ ಕಾಣುತ್ತದೆ. ಗಾಳಿಯ ಒತ್ತಡದಿಂದ ಬಂಡೆ ಕೊರೆಯುವ ರಿಗ್ ಲಾರಿಗಳು ಬಂದ ಮೇಲೆ ನೂರೈವತ್ತು, ಇನ್ನೂರು ಅಡಿ ಆಳದಲ್ಲಿ ಬಂಡೆಯ ಬಿರುಕುಗಳೊಳಗಿನ ನೀರು ಕೈಗೆ ಸಿಕ್ಕಿತು. ಲಾರಿ ಊರಿಗೆ ಬಂದ ದಿನ ಶಾಲೆಗೆ ಅಘೋಷಿತ ರಜೆ. ಬಿಳಿ ಪುಡಿ ಹಾರಿ ಹಾರಿ ಕೊನೆಗೆ ನೀರು ಚಿಮ್ಮಿದಾಗ ತೆಂಗಿನಕಾಯಿ ಒಡೆಯುತ್ತಿದ್ದರು.

ಆ ನೀರಿನ ಮೇಲೆ ಕೂರಿಸಿದ್ದು ‘ಇಂಡಿಯಾ ಮಾರ್ಕ್ 2’ ಎಂಬ ಕೈಪಂಪು. ಹೆಸರಿನಂತೆ ಇದು ಈ ದೇಶದಲ್ಲೇ ಆದ ಪಂಪು. ಮೊದಲು ತರಿಸುತ್ತಿದ್ದ ಬೀಡು ಕಬ್ಬಿಣದ ವಿದೇಶಿ ಪಂಪುಗಳು ಒಂದು ಮನೆಯ ಬಳಕೆಗೆ ಮಾಡಿದವು, ಇಡೀ ಊರು ಜಗ್ಗಿದರೆ ಮುರಿದುಬೀಳುತ್ತಿದ್ದವು. ಮಹಾರಾಷ್ಟ್ರದ ಸೊಲ್ಲಾಪುರ, ಜಾಲ್ನಾ ಕಡೆ ಮಾಡಿಕೊಂಡಿದ್ದ ಗಟ್ಟಿ ಉಕ್ಕಿನ ಪಂಪುಗಳನ್ನು ನೋಡಿ, ಯುನಿಸೆಫ್ ನೆರವಿನಿಂದ ಎಪ್ಪತ್ತರ ದಶಕದಲ್ಲಿ ಇದನ್ನು ರೂಪಿಸಿದರು. ನಿಮ್ಮೂರಿನ ಪಂಪಿನ ತಲೆ ಬಿಚ್ಚಿದರೆ ಸೈಕಲ್ಲಿನಂಥ ಚೈನು ಕಾಣುತ್ತದಲ್ಲ, ಅದೇ. ಮಂತ್ರಿಯಾಗಿ ನಜೀರ್ ಸಾಬರು ಹಿಡಿದ ಹಟ, ಇದು ಪಟ್ಟಣದ ಹತ್ತಿರದ ಹಳ್ಳಿಗಷ್ಟೇ ಸಿಕ್ಕು ನಿಲ್ಲಬಾರದು, ರಾಜ್ಯದ ಎಲ್ಲ ಹಳ್ಳಿಗೂ ಹೋಗಬೇಕು ಎಂಬುದು.

ಕುಡಿಯುವ ನೀರು ಎಂದರೆ ಬಾಯಾರಿಕೆಯ ಮಾತಷ್ಟೇ ಆಗಿರಲಿಲ್ಲ. ರಾಯಚೂರು, ಕಲಬುರಗಿ, ವಿಜಯಪುರದ ಕಡೆಯ ಹಿರಿಯರಿಗೆ ನಾರು ಹುಣ್ಣು ಗೊತ್ತಿರುತ್ತದೆ. ಮೆಟ್ಟಿಲು ಬಾವಿಗೆ ಇಳಿದು ಕೊಡ ಮುಳುಗಿಸುವಾಗ ನೀರಿನ ಸಣ್ಣ ಹುಳುವಿನ ಜೊತೆ ರೋಗ ಹೊಟ್ಟೆ ಸೇರುತ್ತಿತ್ತು. ವರ್ಷದ ಮೇಲೆ ಕಾಲಿನಲ್ಲಿ ಗುಳ್ಳೆ ಎದ್ದು, ಅದರೊಳಗಿಂದ ಎರಡು ಮೂರಡಿ ಉದ್ದದ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯಬೇಕು, ತುಂಡಾದರೆ ಕಾಲು ಕೀವು ಕಟ್ಟುತ್ತದೆ. ಉರಿ ತಾಳದೆ ಅದೇ ಕಾಲನ್ನು ಬಾವಿಯ ನೀರಿಗೆ ಇಟ್ಟರೆ ಊರಿಗೆಲ್ಲ ಮತ್ತೆ ರೋಗ. ಬಿತ್ತನೆ ಸಮಯಕ್ಕೆ ಹುಣ್ಣಾದವರ ಹೊಲ ಆ ವರ್ಷ ಬೀಳು. ದೇಶದಲ್ಲಿ ಇದರ ನಿರ್ಮೂಲನೆಗೆ ಕಾರ್ಯಕ್ರಮ ಶುರುವಾದದ್ದು ಎಂಬತ್ತರ ದಶಕದ ಆರಂಭದಲ್ಲಿ, ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. ಈ ರೋಗಕ್ಕೆ ಲಸಿಕೆ ಇರಲಿಲ್ಲ. ಬಟ್ಟೆಯಲ್ಲಿ ನೀರು ಸೋಸುವುದು, ಬಾವಿಗೆ ಔಷಧಿ ಹಾಕುವುದು, ಮೆಟ್ಟಿಲು ಬಾವಿಗೆ ಇಳಿಯದಂತೆ ಮಾಡುವುದು ಇಷ್ಟೇ ದಾರಿ. ಅದರಲ್ಲಿ ಮೂರನೆಯದು ಸಾಧ್ಯವಾದದ್ದು ಬೋರಿಂಗಿನಿಂದ. ಇದರ ಪೂರ್ತಿ ಶ್ರೇಯ ಒಬ್ಬ ಮಂತ್ರಿಗೆ ಕಟ್ಟುವುದು ತಪ್ಪಾಗುತ್ತದೆ, ಆರೋಗ್ಯ ಇಲಾಖೆಯವರು ಮನೆ ಮನೆ ಸುತ್ತಿದ್ದಾರೆ. ಆದರೆ ಬೋರಿಂಗು ಬರದಿದ್ದರೆ ಬಾವಿಗೆ ಇಳಿಯಬೇಡಿ ಎಂದು ಹೇಳುವುದಕ್ಕೇ ಬಾಯಿ ಇರುತ್ತಿರಲಿಲ್ಲ.

ಇನ್ನೊಂದು ಬದಲಾವಣೆ ಆಗಿನ ಯಾವ ವರದಿಯಲ್ಲಿ ಇತ್ತೋ ಇಲ್ಲವೋ, ಕೇರಿಯ ಹೆಂಗಸರಿಗೆ ಗೊತ್ತು. ಊರ ಬಾವಿಯನ್ನು ಮುಟ್ಟುವಂತಿರದಿದ್ದವರು ಯಾರಾದರೂ ಬಂದು ಸೇದಿ ಹೊಯ್ಯಲಿ ಎಂದು ಬಿಂದಿಗೆ ಇಟ್ಟುಕೊಂಡು ಕಾಯಬೇಕಿತ್ತು. ಕೇರಿಯೊಳಗೇ ಬೋರು ಬಿದ್ದ ಕಡೆ ಆ ಕಾಯುವಿಕೆ ನಿಂತಿತು.

ಹಾಗೆಂದು ಬೋರಿಂಗಿನ ಬಗ್ಗೆ ಬರೀ ಹೊಗಳಿಕೆ ಬರೆದರೆ ಕೋಲಾರದ ಓದುಗರು ನಮ್ಮನ್ನು ಬಿಡುವುದಿಲ್ಲ. ಇನ್ನೂರು ಅಡಿಗೆ ಸಿಕ್ಕ ನೀರು ಈಗ ಅಲ್ಲಿ ಸಾವಿರ ಅಡಿ ದಾಟಿದರೂ ಸಿಗುವುದು ಖಾತ್ರಿ ಇಲ್ಲ. ಪಾವಗಡದ ಕಡೆ ಸಿಕ್ಕ ನೀರಿನಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿವೆ, ದೊಡ್ಡವರ ಮೂಳೆ ಬಗ್ಗಿವೆ. ಕೈಪಂಪು ಇಷ್ಟು ನೀರು ಎತ್ತಿ ನೆಲ ಬರಿದಾಯಿತು ಎನ್ನಲಾಗದು, ಬರಿದು ಮಾಡಿದ್ದು ಹೊಲಗಳ ಮೋಟರುಗಳು. ಆದರೂ ಕೆರೆ ಬಾವಿಗಳ ಹೂಳನ್ನು ಮರೆತು ಬೋರನ್ನೇ ನಂಬಿಕೊಳ್ಳುವ ಅಭ್ಯಾಸ ಆ ದಿನಗಳಲ್ಲೇ ಬೇರು ಬಿಟ್ಟಿತು ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಈಗ ಇನ್ನೊಂದು ಕೆಲಸಕ್ಕೆ ಬರೋಣ. ಅದನ್ನೂ ಈ ಪಂಪಿನಿಂದಲೇ ಶುರು ಮಾಡಬಹುದು.

ಪಂಪು ಕೆಟ್ಟಾಗ ಏನಾಗುತ್ತಿತ್ತು? ಹೆಚ್ಚಿನ ಸಲ ಸವೆಯುವುದು ಒಂದು ತೊಗಲಿನ ವಾಷರ್. ಬೆಲೆ ಕೆಲವೇ ರೂಪಾಯಿ. ಆದರೆ ಅದು ನೀರಿನೊಳಗೆ, ನೂರಡಿ ಕೆಳಗಿನ ಸಿಲಿಂಡರಿನಲ್ಲಿರುತ್ತದೆ. ಅದನ್ನು ಬದಲಿಸಲು ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಸಲಕರಣೆ ಬೇಕು, ನಾಲ್ಕು ಆಳು ಬೇಕು, ವಾಹನ ಬೇಕು. ಅವೆಲ್ಲ ಇರುವುದು ಇಲಾಖೆಯ ಹತ್ತಿರ. ಆದ್ದರಿಂದ ಅರ್ಜಿ ತಾಲ್ಲೂಕಿಗೆ ಹೋಗಬೇಕು, ಅಲ್ಲಿಂದ ಮೇಲೆ ಹೋಗಬೇಕು, ಮತ್ತೆ ಇಳಿದು ಬರಬೇಕು. ಕೆಲವು ರೂಪಾಯಿಯ ವಾಷರಿಗೆ ತಿಂಗಳುಗಟ್ಟಲೆ ಊರಿನವರು ಪಕ್ಕದೂರಿಗೆ ಕೊಡ ಹೊತ್ತರು. ನೀರು ಊರಲ್ಲಿದೆ, ಅದನ್ನು ರಿಪೇರಿ ಮಾಡಿಸುವ ಅಧಿಕಾರ ಊರಲ್ಲಿಲ್ಲ.

ಇದು ಪಂಪಿಗೆ ಮಾತ್ರ ಇದ್ದ ಕತೆ ಅಲ್ಲ. ಶಾಲೆಯ ಹೆಂಚು ಒಡೆದರೂ, ಮೇಷ್ಟ್ರು ಬರದಿದ್ದರೂ, ಆಸ್ಪತ್ರೆಯಲ್ಲಿ ಔಷಧಿ ಇಲ್ಲದಿದ್ದರೂ ಹೀಗೇ. 1959ರ ಕಾಯ್ದೆಯಂತೆ ಹಳ್ಳಿಗೆ ಪಂಚಾಯಿತಿ, ತಾಲ್ಲೂಕಿಗೆ ಬೋರ್ಡು ಇದ್ದವು. ಆದರೆ ಜಿಲ್ಲೆಯ ಮಟ್ಟದಲ್ಲಿ ಅಭಿವೃದ್ಧಿ ಎಂದರೆ ಡಿಸಿ ಸಾಹೇಬರು, ತಾಲ್ಲೂಕಿನಲ್ಲಿ ಬಿಡಿಒ ಆಫೀಸು.

1978ರಲ್ಲಿ ಅಶೋಕ್ ಮೆಹ್ತಾ ಸಮಿತಿ, ಜಿಲ್ಲೆಗೆ ಒಂದು ಚುನಾಯಿತ ಪರಿಷತ್ತು, ಕೆಲವು ಹಳ್ಳಿ ಸೇರಿ ಒಂದು ಮಂಡಲ ಪಂಚಾಯಿತಿ ಇರಲಿ ಎಂದು ಹೇಳಿತ್ತು. ಅದನ್ನು ತೆಗೆದುಕೊಂಡು ಹೆಗಡೆ ಸರ್ಕಾರ 1983ರಲ್ಲಿ ಕಾಯ್ದೆ ತಂದಿತು. ಅದನ್ನು ಮುನ್ನಡೆಸಿದ ಮಂತ್ರಿ ನಜೀರ್ ಸಾಬರು. ರಾಷ್ಟ್ರಪತಿಗಳ ಅಂಕಿತ ಸಿಗುವ ಹೊತ್ತಿಗೆ 1985 ಆಗಿತ್ತು.

ಕಾಯ್ದೆಯಲ್ಲಿ ಏನಿತ್ತು ಎನ್ನುವುದನ್ನು ಈಗ ಓದಿದರೂ ಧೈರ್ಯ ಅನ್ನಿಸುತ್ತದೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬರುವ ಐಎಎಸ್ ಅಧಿಕಾರಿ ಸೇವೆಯಲ್ಲಿ ಡಿಸಿಗಿಂತ ಹಿರಿಯರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುಸಂಗೋಪನೆ, ಕುಡಿಯುವ ನೀರು ಎಲ್ಲವೂ ನೌಕರರ ಸಮೇತ ಪರಿಷತ್ತಿನ ಕೈಗೆ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಕಲೆಕ್ಟರನ್ನು ಒಂದು ಮೆಟ್ಟಿಲು ಇಳಿಸಿ, ಜನ ಆರಿಸಿದವರನ್ನು ಮೇಲೆ ಕೂರಿಸಿದ ಕಾಯ್ದೆ ಅದು. ಸ್ವಾತಂತ್ರ್ಯ ದೆಹಲಿಗೂ ಬೆಂಗಳೂರಿಗೂ ಬಂತು, ಊರಿಗೆ ಯಾವಾಗ ಎಂದು ಕೇಳುವುದೂ ದೇಶಪ್ರೇಮವೇ ಎಂದು ನಾವು ತಿಳಿದಿದ್ದೇವೆ. ಆ ಅರ್ಥದಲ್ಲಿ ನಜೀರ್ ಸಾಬರಂಥ ದೇಶಪ್ರೇಮಿಗಳು ಸಚಿವ ಸಂಪುಟಗಳಲ್ಲಿ ಹೆಚ್ಚು ಸಿಗುವುದಿಲ್ಲ.

ವಿರೋಧ ಹೊರಗಿನಿಂದಷ್ಟೇ ಬರಲಿಲ್ಲ. ವರ್ಗಾವಣೆ, ಶಿಫಾರಸು, ಕಾಮಗಾರಿ ಕೈಬಿಟ್ಟರೆ ಎಂಎಲ್‌ಎ ಹತ್ತಿರ ಉಳಿಯುವುದೇನು ಎಂಬ ಚಿಂತೆ ಆಳುವ ಪಕ್ಷದ ಶಾಸಕರಿಗೂ ಇತ್ತು. ತಾಲ್ಲೂಕು ಪಂಚಾಯತ್ ಸಮಿತಿಗೆ ಶಾಸಕರನ್ನೇ ಅಧ್ಯಕ್ಷರನ್ನಾಗಿ ಮಾಡಿದ್ದರಲ್ಲಿ ಅವರನ್ನು ಸಮಾಧಾನ ಮಾಡುವ ಲೆಕ್ಕ ಕಾಣುತ್ತದೆ.

ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಹಳೆಯದು. ಸಂವಿಧಾನ ಸಭೆಯಲ್ಲಿ 1948ರಲ್ಲೇ ಅಂಬೇಡ್ಕರ್ ಅವರು ಹಳ್ಳಿಯನ್ನು ಹೊಗಳುವವರಿಗೆ ಚುರುಕಾಗಿ ಉತ್ತರ ಕೊಟ್ಟಿದ್ದರು. ಹಳ್ಳಿಗೆ ಅಧಿಕಾರ ಕೊಟ್ಟರೆ ಅದು ಹಳ್ಳಿಯ ಬಲಾಢ್ಯರ ಕೈಗೆ ಹೋಗುತ್ತದೆ ಎಂಬುದು ಅವರ ಮಾತಿನ ಹಿಂದಿದ್ದ ಅನುಭವ. ಗೌಡರ ಜಗಲಿಯಲ್ಲಿ ಪಂಚಾಯಿತಿ ಸೇರುವ ಊರಿನಲ್ಲಿ ಬೆಳೆದ ಯಾರೂ ಇದನ್ನು ಸುಳ್ಳೆನ್ನಲಾರರು. 1983ರ ಕಾಯ್ದೆ ಇದಕ್ಕೆ ಕೊಟ್ಟ ಉತ್ತರ ಮೀಸಲಾತಿ: ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 18, ಮಹಿಳೆಯರಿಗೆ ಶೇ 25. ಇಡೀ ದೇಶಕ್ಕೆ ಮಹಿಳಾ ಮೀಸಲಾತಿಯ ಪಂಚಾಯಿತಿ ಬರಲು ಇನ್ನೂ ಹತ್ತು ವರ್ಷ ಇತ್ತು.

1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಸುಮಾರು 2,500 ಮಂಡಲಗಳು, 55,000 ಸದಸ್ಯರು, ಅವರಲ್ಲಿ ಸುಮಾರು 14,000 ಹೆಂಗಸರು. ಸೆರಗು ಹೊದ್ದು ಗಂಡನ ಹಿಂದೆ ಬಂದು ಹೆಬ್ಬೆಟ್ಟು ಒತ್ತಿ ಹೋದವರು ಅವರಲ್ಲಿ ಬಹಳ ಮಂದಿ, ಅದನ್ನು ಮುಚ್ಚಿಡಬೇಕಿಲ್ಲ. ಮಂಡಲದ ಪ್ರಧಾನರ ಕುರ್ಚಿಗಳಲ್ಲಿ ಹೆಚ್ಚಿನವು ಹಳೆಯ ದೊಡ್ಡ ಜಾತಿಗಳಿಗೇ ಹೋದವು. ಅಧ್ಯಕ್ಷ ಸ್ಥಾನಕ್ಕೆ ಮೀಸಲಾತಿ ಬಂದದ್ದು 1993ರ ಕಾಯ್ದೆಯಲ್ಲಿ. ಆದರೂ ಏನೋ ಬದಲಾಗಿತ್ತು. ಆ ವರ್ಷಗಳನ್ನು ಅಧ್ಯಯನ ಮಾಡಿದ ಜೇಮ್ಸ್ ಮ್ಯಾನರ್ ಅವರಂಥವರು ಗುರುತಿಸಿದ್ದು ಸಣ್ಣ ವಿಷಯ: ಮೇಷ್ಟ್ರುಗಳು ಶಾಲೆಗೆ, ಆರೋಗ್ಯ ಸಿಬ್ಬಂದಿ ಆಸ್ಪತ್ರೆಗೆ ಹೆಚ್ಚು ಸರಿಯಾಗಿ ಬರತೊಡಗಿದರು. ಕಾರಣ ಸುಲಭ. ಬೆಂಗಳೂರಿನ ಮಂತ್ರಿಗೆ ನಿಮ್ಮೂರ ಶಾಲೆಯ ಬೀಗ ಕಾಣುವುದಿಲ್ಲ, ಪಕ್ಕದ ಬೀದಿಯ ಸದಸ್ಯನಿಗೆ ಕಾಣುತ್ತದೆ.

ನಜೀರ್ ಸಾಬರಿಗೆ ಇದನ್ನು ಬಹಳ ದಿನ ನೋಡುವ ಭಾಗ್ಯ ಇರಲಿಲ್ಲ. ಹೊಸ ವ್ಯವಸ್ಥೆ ಶುರುವಾದದ್ದು 1987ರ ಏಪ್ರಿಲ್‌ನಲ್ಲಿ. 1988ರ ಆಗಸ್ಟ್‌ನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ನಜೀರ್ ಸಾಬರು ಕ್ಯಾನ್ಸರಿನಿಂದ ತೀರಿಕೊಂಡರು.

ಅವರು ಹೋದ ಮೇಲೆ ಕಟ್ಟಿದ್ದು ಎಷ್ಟು ಬೇಗ ಸಡಿಲವಾಯಿತು ನೋಡಿ. ಮೊದಲ ಮಂಡಲಗಳ ಅವಧಿ 1992ರಲ್ಲಿ ಮುಗಿಯಿತು. ಚುನಾವಣೆ ಮಾಡುವ ಬದಲು ಆಡಳಿತಾಧಿಕಾರಿಗಳನ್ನು ಕೂರಿಸಿದರು. ಅಷ್ಟರಲ್ಲಿ ದೆಹಲಿಯಲ್ಲಿ 73ನೇ ತಿದ್ದುಪಡಿ ಆಗಿ, 1993ರ ಏಪ್ರಿಲ್ 24ರಿಂದ ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಆ ತಿದ್ದುಪಡಿ ಬರೆಯುವಾಗ ಮುಂದಿದ್ದ ಮಾದರಿಗಳಲ್ಲಿ ಪಶ್ಚಿಮ ಬಂಗಾಳದ ಜೊತೆ ನಮ್ಮದೂ ಒಂದು. ತಮಾಷೆ ಎಂದರೆ ದೇಶಕ್ಕೆ ಮಾದರಿಯಾದ ಊರಿನಲ್ಲಿ ಆ ಹೊತ್ತಿಗೆ ಚುನಾಯಿತ ಮಂಡಲವೇ ಇರಲಿಲ್ಲ. ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ಜಿಲ್ಲಾ ಪರಿಷತ್ತು ಜಿಲ್ಲಾ ಪಂಚಾಯಿತಿ ಆಯಿತು, ಮುಖ್ಯ ಕಾರ್ಯದರ್ಶಿ ಹೋಗಿ ಸಿಇಒ ಬಂದರು.

ಮೈಸೂರಿನಲ್ಲಿ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಯೊಂದಿದೆ. ಅದಕ್ಕೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರು. ಗೆದ್ದ ಪಂಚಾಯಿತಿ ಸದಸ್ಯರಿಗೆ ಕಾಯ್ದೆ, ಬಜೆಟ್ಟು, ಗ್ರಾಮ ಸಭೆಯ ಪಾಠ ಅಲ್ಲಿಂದ ಬರುತ್ತದೆ. ಆದರೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಜಿಲ್ಲೆಯ ಅಭಿವೃದ್ಧಿ ಮತ್ತೆ ಅಧಿಕಾರಿಗಳ ಮೇಜಿಗೆ ಮರಳಿತು. ನಾವು ಪಂಚಾಯಿತಿ ಸುದ್ದಿ ಬರೆಯುವವರು. ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಸದಸ್ಯರು ಎದ್ದು ನಿಂತು ಅಧಿಕಾರಿಯನ್ನು ಪ್ರಶ್ನೆ ಕೇಳಿದ ಸುದ್ದಿ ಬರೆಯಲು ನಮಗೆ ಈ ಕಾಲದಲ್ಲಿ ಸಿಗಲೇ ಇಲ್ಲ.

ಊರಿನಲ್ಲಿ ಈಗ ಕೈಪಂಪು ಜಗ್ಗುವವರು ಕಡಿಮೆ. ಟ್ಯಾಂಕಿದೆ, ನಲ್ಲಿಯಿದೆ, ವಾಲ್ವು ತಿರುಗಿಸಲು ಪಂಚಾಯಿತಿಯ ವಾಟರ್‌ಮ್ಯಾನ್ ಇದ್ದಾನೆ. ಮೋಟರ್ ಸುಟ್ಟ ಮಾರನೇ ದಿನ ಬೆಳಗ್ಗೆ ಆರಕ್ಕೆಲ್ಲ ಹೆಂಗಸರು ಖಾಲಿ ಕೊಡ ಹಿಡಿದು ಗ್ರಾಮ ಪಂಚಾಯಿತಿ ಸದಸ್ಯನ ಮನೆ ಮುಂದೆ ನಿಂತು, ಅವನ ಹೆಸರು ಹಿಡಿದು, ಏಕವಚನದಲ್ಲೇ ಹೊರಗೆ ಕರೆಯುತ್ತಾರೆ.