ರಗ್ಬಿ: ಕಲ್ಕತ್ತೆಯ ಬೆಳ್ಳಿ ರೂಪಾಯಿಗಳಿಂದ ಮುಂಬಯಿಯ ಮೈದಾನದವರೆಗೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರ ಮನೆಗಳಲ್ಲಿ ಟೆಸ್ಟ್ ಎಂದರೆ ಐದು ದಿನಗಳ ಕ್ರಿಕೆಟ್ ಎಂದೇ ಅರ್ಥ. ಎಂಬತ್ತೇ ನಿಮಿಷಗಳಲ್ಲಿ ಮುಗಿಯುವ ಇನ್ನೊಂದು ಟೆಸ್ಟ್ ಇದೆ. ಅದು ಕ್ರಿಕೆಟ್ ಟೆಸ್ಟಿಗಿಂತ ಆರು ವರ್ಷ ಹಿರಿಯದು. 1871ರ ಮಾರ್ಚ್ 27ರಂದು ಎಡಿನ್‌ಬರೋದ ರೇಬರ್ನ್ ಪ್ಲೇಸ್ ಮೈದಾನದಲ್ಲಿ ಸ್ಕಾಟ್ಲೆಂಡ್ ತಂಡವು ಇಂಗ್ಲೆಂಡನ್ನು ಸೋಲಿಸಿದ ಪಂದ್ಯವೇ ಪ್ರಪ್ರಥಮ ಅಂತರರಾಷ್ಟ್ರೀಯ ರಗ್ಬಿ ಪಂದ್ಯ. ಅಂದು ಒಂದೊಂದು ಪಕ್ಷದಲ್ಲಿ 20 ಮಂದಿ ಇದ್ದರು, ಇಂದು 15. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ‘ಟ್ರೈ’, ಅದಕ್ಕೆ ಐದು ಅಂಕ. ಎದುರಾಳಿಯನ್ನು ಹಿಡಿದು ಕೆಡಹುವ ಪರಿಯನ್ನು ಕಬಡ್ಡಿ ಬಲ್ಲ ನಮ್ಮ ದಕ್ಷಿಣ ಕನ್ನಡದವರಿಗೆ ವಿವರಿಸಬೇಕಾಗಿಲ್ಲ.

ಈ ಆಟದ ಇತಿಹಾಸದಲ್ಲಿ ಭಾರತದ ಬೆಳ್ಳಿಯೂ ಬೆರೆತಿದೆ. 1872ರ ಕ್ರಿಸ್ಮಸ್ ದಿನ ಕಲ್ಕತ್ತೆಯಲ್ಲಿ ಅಲ್ಲಿನ ಬ್ರಿಟಿಷರೇ ಎರಡು ಪಕ್ಷಗಳಾಗಿ ರಗ್ಬಿ ಆಡಿದರು. ಮರುವರ್ಷ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಆದರೆ ಬಂಗಾಳದ ಸೆಕೆಗೆ ಟೆನಿಸ್ ಮತ್ತು ಪೋಲೋ ಹೆಚ್ಚು ಒಗ್ಗಿದವು. ಕ್ಲಬ್ಬಿನಲ್ಲಿ ಪುಕ್ಕಟೆ ಮದ್ಯ ನಿಂತ ಮೇಲೆ ಸದಸ್ಯರೂ ಕರಗಿದರಂತೆ! ಕ್ಲಬ್ ಮುಚ್ಚುವಾಗ ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಾಗಿ ತೆಗೆದು, ಅಂಥ 270 ನಾಣ್ಯಗಳನ್ನು ಕರಗಿಸಿ ಒಂದು ಬಟ್ಟಲನ್ನು ಮಾಡಿಸಲಾಯಿತು. ಹಿಡಿಕೆಗಳಾಗಿ ಮೂರು ನಾಗರಹಾವುಗಳು, ಮುಚ್ಚಳದ ಮೇಲೊಂದು ಆನೆ. ಇದೇ ‘ಕಲ್ಕತ್ತಾ ಕಪ್’. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇದಕ್ಕಾಗಿ ಸೆಣಸುತ್ತಿವೆ. 1988ರಲ್ಲಿ ಉಭಯ ತಂಡಗಳ ಇಬ್ಬರು ಆಟಗಾರರು ಪಾನಮತ್ತರಾಗಿ ಎಡಿನ್‌ಬರೋದ ಬೀದಿಯಲ್ಲಿ ಈ ಪಾತ್ರೆಯನ್ನೇ ಚೆಂಡಿನಂತೆ ಒದ್ದು ಜಜ್ಜಿದ ಪ್ರಸಂಗವೂ ಉಂಟು.

ಕ್ರಿಕೆಟ್ಟಿನಂತೆ ಇಲ್ಲಿ ಟೆಸ್ಟ್ ಮಾನ್ಯತೆ ಪಡೆದ ದೇಶಗಳ ಸಿದ್ಧಪಟ್ಟಿಯಿಲ್ಲ. ಯಾವ ಪಂದ್ಯಕ್ಕೆ ತನ್ನ ಆಟಗಾರರಿಗೆ ‘ಕ್ಯಾಪ್’ ಕೊಡಬೇಕೆಂಬುದನ್ನು ಆಯಾ ದೇಶದ ಒಕ್ಕೂಟವೇ ನಿರ್ಧರಿಸುತ್ತದೆ. ವಿಶ್ವಕಪ್ ಆರಂಭವಾದದ್ದು 1987ರಲ್ಲಿ. ದಕ್ಷಿಣ ಆಫ್ರಿಕಾ ನಾಲ್ಕು ಬಾರಿ, ನ್ಯೂಜಿಲೆಂಡ್ ಮೂರು ಬಾರಿ ಗೆದ್ದಿವೆ. 1995ರ ಅಂತಿಮ ಪಂದ್ಯದ ಬಳಿಕ ನೆಲ್ಸನ್ ಮಂಡೇಲಾ ಸ್ವತಃ ತಂಡದ ಹಸಿರು ಅಂಗಿ ಧರಿಸಿ ನಾಯಕ ಫ್ರಾಂಸ್ವಾ ಪಿಯೆನಾರ್ ಕೈಗೆ ಕಪ್ ನೀಡಿದ ದೃಶ್ಯ ಕ್ರೀಡೆಯ ಮೇರೆಯನ್ನು ಮೀರಿದ್ದು. ಅದೇ ಕೂಟದ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ವಿರುದ್ಧ ನಾಲ್ಕು ಟ್ರೈ ಗಳಿಸಿದ ನ್ಯೂಜಿಲೆಂಡಿನ ಜೋನಾ ಲೋಮು ಮೂತ್ರಪಿಂಡದ ವ್ಯಾಧಿಯಿಂದ ಬಳಲಿ 2015ರಲ್ಲಿ, 40ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂಕಗಳ ಲೆಕ್ಕದಲ್ಲಿ ಡಾನ್ ಕಾರ್ಟರ್ (112 ಟೆಸ್ಟ್, 1598 ಅಂಕ) ಮೇಲು. ಆದರೂ ಲೋಮು ಓಟವನ್ನು ಕಂಡವರಿಗೆ ಅಂಕಗಳ ಮಾತು ರುಚಿಸದು.

ಭಾರತದ ಪುರುಷರ ತಂಡವು ಅಂತರರಾಷ್ಟ್ರೀಯ ಕಣಕ್ಕಿಳಿದದ್ದು 1998ರ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ, ಅಂದರೆ ಕಲ್ಕತ್ತೆಯ ಆ ಕ್ರಿಸ್ಮಸ್ ಆಟದ 126 ವರ್ಷಗಳ ಅನಂತರ. ಆ ತಂಡದಲ್ಲಿದ್ದ ಚಿತ್ರನಟ ರಾಹುಲ್ ಬೋಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಮುಂದೆ ಅವರು ಭಾರತೀಯ ರಗ್ಬಿ ಒಕ್ಕೂಟದ ಅಧ್ಯಕ್ಷರೂ ಆದರು. ಮುಂಬಯಿಯಲ್ಲಿ ಈ ಆಟದ ತವರು 1875ರಲ್ಲಿ ಸ್ಥಾಪನೆಯಾದ ಬಾಂಬೆ ಜಿಮ್ಖಾನಾ. ಭಾರತದ ನೆಲದ ಮೊದಲ ಕ್ರಿಕೆಟ್ ಟೆಸ್ಟ್ 1933ರಲ್ಲಿ ನಡೆದದ್ದೂ ಅಲ್ಲಿಯೇ. ಅಲ್ಲಿ ರಗ್ಬಿ ಆಡುತ್ತಿದ್ದ ಮ್ಯಾಥ್ಯೂ ಸ್ಪೇಸಿ, ಬೇಲಿಯಾಚೆ ನಿಂತು ನೋಡುತ್ತಿದ್ದ ಫ್ಯಾಷನ್ ಸ್ಟ್ರೀಟಿನ ಹುಡುಗರನ್ನು ಒಳಗೆ ಕರೆದು ಆಟ ಕಲಿಸಿದರು. 1999ರಲ್ಲಿ ಅವರು ಆರಂಭಿಸಿದ ‘ಮ್ಯಾಜಿಕ್ ಬಸ್’ ಸಂಸ್ಥೆಯ ಮೂಲ ಇದೇ. ಕ್ಲಬ್ಬುಗಳ ಒಳಗೆ ಉಳಿದಿದ್ದ ಆಟವು ಬೀದಿಯ ಮಕ್ಕಳವರೆಗೆ ಬಂದದ್ದು ಸಣ್ಣ ಮಾತಲ್ಲ.

ಹೆಣ್ಣುಮಕ್ಕಳ ತಂಡ ಇನ್ನೂ ಬೇಗ ಫಲ ಕಂಡಿತು. 2018ರಲ್ಲಿ ವಾಹ್‌ಬಿಜ್ ಭರೂಚಾ ನಾಯಕತ್ವದಲ್ಲಿ ಮೊದಲ ಬಾರಿ 15 ಮಂದಿಯ ಆಟ ಆಡಿದ ತಂಡ, 2019ರ ಜೂನ್‌ನಲ್ಲಿ ಮನಿಲಾದಲ್ಲಿ ಸಿಂಗಾಪುರವನ್ನು 21-19ರಿಂದ ಮಣಿಸಿ ಮೊದಲ ಟೆಸ್ಟ್ ಜಯ ಪಡೆಯಿತು. ಬಿಹಾರದ ಸ್ವೀಟಿ ಕುಮಾರಿಯ ವೇಗ, ಒಡಿಶಾದ ಸುಮಿತ್ರಾ ನಾಯಕ್ ಕೊನೆಯ ಘಳಿಗೆಯಲ್ಲಿ ಒದ್ದ ಪೆನಾಲ್ಟಿ ಇವೆರಡೂ ಆ ಜಯದ ಹಿಂದಿದ್ದವು.

ಮಕ್ಕಳನ್ನು ಈ ಆಟಕ್ಕೆ ಕಳುಹಿಸಬಹುದೇ ಎಂಬ ತಂದೆತಾಯಿಗಳ ಪ್ರಶ್ನೆಗೆ ಹಾರಿಕೆಯ ಉತ್ತರ ಸಲ್ಲದು. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ತಮಗೆ ಅಕಾಲದಲ್ಲೇ ಮರೆವಿನ ರೋಗ ಬಂದಿದೆಯೆಂದೂ, ಆ ಗೆಲುವೇ ನೆನಪಿಲ್ಲವೆಂದೂ 2020ರಲ್ಲಿ ಬಹಿರಂಗಪಡಿಸಿದರು. ತಲೆಗೆ ಪೆಟ್ಟಾದ ಅನುಮಾನ ಬಂದ ಕೂಡಲೇ ಆಟಗಾರನನ್ನು ಹೊರಗೆ ತರುವುದು ಈಗ ಕಡ್ಡಾಯ. ಕುತ್ತಿಗೆಯ ಸುತ್ತ ಹಿಡಿದು ಕೆಡಹುವುದು ಅಪರಾಧ. ಎಳೆಯರಿಗೆ ಸೊಂಟದ ಪಟ್ಟಿ ಕಿತ್ತರೆ ಸಾಕೆಂಬ ಟ್ಯಾಗ್ ರಗ್ಬಿಯಿದೆ, ಅದರಲ್ಲಿ ಕೆಡಹುವ ಮಾತಿಲ್ಲ. ತರಬೇತುದಾರರನ್ನು ಶುಲ್ಕಕ್ಕಿಂತ ಮೊದಲು ಕೇಳಬೇಕಾದದ್ದು ಈ ನಿಯಮಗಳನ್ನು.

2025ರ ಜೂನ್‌ನಲ್ಲಿ ಅಂಧೇರಿಯ ಶಹಾಜಿರಾಜೇ ಭೋಸಲೆ ಕ್ರೀಡಾ ಸಂಕುಲದಲ್ಲಿ ಏಳು ಮಂದಿಯ ರಗ್ಬಿ ಪ್ರೀಮಿಯರ್ ಲೀಗ್ ಮೊದಲ ಬಾರಿಗೆ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು; ಪ್ರಶಸ್ತಿ ಚೆನ್ನೈ ಪಾಲಾಯಿತು.