ಮೈಸೂರು ಎಕ್ಸ್‌ಪ್ರೆಸ್‌ಗೆ ಬ್ರೇಕ್ ಎಲ್ಲಿತ್ತು? ಒಂದು ಭುಜದ ಇತಿಹಾಸ

ದಟ್ಟಗಳ್ಳಿಯ ನನ್ನ ರೂಮಿನಿಂದ ಇವತ್ತು ಒಂದು ಭುಜದ ಕಥೆ ಹೇಳ್ತೀನಿ. ಜಾವಗಲ್ ಶ್ರೀನಾಥ್ ಅವರ ಬಲ ಭುಜ. ನಮ್ಮ ವಯಸ್ಸಿನವರಿಗೆ ಅವರು ಮ್ಯಾಚ್ ರೆಫರಿ, ನಮ್ಮ ಅಪ್ಪಂದಿರಿಗೆ ‘ಮೈಸೂರು ಎಕ್ಸ್‌ಪ್ರೆಸ್’. 1969ರಲ್ಲಿ ಮೈಸೂರಲ್ಲಿ ಹುಟ್ಟಿ, ಇಲ್ಲೇ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು.

1996ರ ನವೆಂಬರ್, ಅಹಮದಾಬಾದ್ ಟೆಸ್ಟ್. ದಕ್ಷಿಣ ಆಫ್ರಿಕಾ ಗೆಲ್ಲೋಕೆ 170 ರನ್ ಬೇಕು. ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಕಿತ್ತರು, ಅವರು 105ಕ್ಕೆ ಆಲ್ ಔಟ್. ಕೆಲವೇ ತಿಂಗಳಲ್ಲಿ, 1997ರ ವೆಸ್ಟ್ ಇಂಡೀಸ್ ಸರಣಿ ಹೊತ್ತಿಗೆ, ಅದೇ ಬೌಲರ್ ತಂಡದಿಂದ ಹೊರಗೆ. ಕಾರಣ, ರೊಟೇಟರ್ ಕಫ್ ಗಾಯ.

ಏನಿದು ಕಫ್? ನೆಗಡಿಯ ಕಫ ಅಲ್ಲ ಮಾರಾಯ್ರೆ! ಸ್ಕೂಲಲ್ಲಿ ನಿಂಬೆಹಣ್ಣು-ಚಮಚದ ಓಟ ಓಡಿದ್ದೀರಲ್ಲ? ಭುಜದ ಕೀಲು ಹೆಚ್ಚುಕಡಿಮೆ ಹಾಗೇ. ತೋಳಿನ ಮೂಳೆಯ ತಲೆ ದೊಡ್ಡ ಗುಂಡು, ಅದು ಕೂರೋ ಗುಳಿ ಚಿಕ್ಕದು, ಆಳವೂ ಇಲ್ಲ. ಸೊಂಟದ ಕೀಲಿನಲ್ಲಿ ಗುಂಡು ಆಳವಾದ ಬಟ್ಟಲಲ್ಲಿ ಭದ್ರವಾಗಿ ಕೂತಿರುತ್ತೆ, ಹಾಗಾಗಿ ಕಾಲನ್ನ ಕೈ ಥರ ಪೂರ್ತಿ ಸುತ್ತು ತಿರುಗಿಸೋಕೆ ಆಗಲ್ಲ. ನಾನು ಬಿಕಾಂ ಓದಿದವನು, ನನಗೆ ಇದು ಲೆಡ್ಜರ್ ಥರ ಕಾಣುತ್ತೆ: ಚಲನೆ ಜಮಾ, ಭದ್ರತೆ ಖರ್ಚು.

ಆ ಗುಂಡು ಜಾರದ ಹಾಗೆ ಸುತ್ತಲಿಂದ ಒತ್ತಿ ಹಿಡಿಯೋ ನಾಲ್ಕು ಸ್ನಾಯುಗಳೇ ರೊಟೇಟರ್ ಕಫ್. ನಾಲ್ಕೂ ಹೊರಡೋದು ಬೆನ್ನಿನ ಮೇಲ್ಭಾಗದ ಚಪ್ಪಟೆ ಹೆಗಲ ಮೂಳೆಯಿಂದ. ಆ ಮೂಳೆ ಕೂಡ ಸುಮ್ಮನಿರಲ್ಲ. ಗೆಳೆಯನ ಬೆನ್ನ ಮೇಲೆ ಕೈಯಿಟ್ಟು, ತೋಳು ಎತ್ತು ಅನ್ನಿ. ಮೂಳೆ ತಿರುಗೋದು ಗೊತ್ತಾಗುತ್ತೆ. ಕೈ 180 ಡಿಗ್ರಿ ಮೇಲೇಳಬೇಕಾದ್ರೆ ಸುಮಾರು 120 ಕೀಲಿನದು, 60 ಈ ಮೂಳೆಯದು.

ಫಾಸ್ಟ್ ಬೌಲಿಂಗಲ್ಲಿ ಚೆಂಡು ಕೈಬಿಟ್ಟ ಮೇಲೂ ತೋಳು ಅದೇ ರಭಸದಲ್ಲಿ ಮುಂದೆ ಹೋಗ್ತಿರುತ್ತೆ. ಅದನ್ನ ತಡೆಯೋರು ಯಾರು? ಕಫ್‌ನ ಹಿಂಬದಿ ಸ್ನಾಯುಗಳು, ಎಳೆಸಿಕೊಳ್ಳುತ್ತಲೇ ಬಿಗಿ ಹಿಡಿದು. ಪ್ರತಿ ಎಸೆತಕ್ಕೂ ಒಂದು ಬ್ರೇಕ್. ಟಿವಿಯವರು ವೇಗ ತೋರಿಸ್ತಾರೆ, ಬ್ರೇಕ್ ಎಷ್ಟು ಸವೆದಿದೆ ಅಂತ ಯಾರೂ ತೋರಿಸಲ್ಲ. 90ರ ದಶಕದಲ್ಲಿ ನಮ್ಮ ಸತ್ತ ಪಿಚ್‌ಗಳಲ್ಲಿ ಅವರಿಂದ ಸಿಕ್ಕಾಪಟ್ಟೆ ದುಡಿಸಿಕೊಂಡ್ರು ಅನ್ನೋದು ನನ್ನ ಅಭಿಪ್ರಾಯ.

ಶಸ್ತ್ರಚಿಕಿತ್ಸೆ ಆಯ್ತು, ತಿಂಗಳುಗಟ್ಟಲೆ ಆಟವಿಲ್ಲ. ಆಮೇಲೆ 1999ರ ಫೆಬ್ರವರಿ, ಈಡನ್ ಗಾರ್ಡನ್ಸ್, ಎದುರಿಗೆ ಪಾಕಿಸ್ತಾನ. ಎರಡನೇ ಇನಿಂಗ್ಸ್‌ನಲ್ಲಿ 86ಕ್ಕೆ 8, ಪಂದ್ಯದಲ್ಲಿ ಒಟ್ಟು 13 ವಿಕೆಟ್. ಅವರ ಟೆಸ್ಟ್ ಬದುಕಿನ ಅತ್ಯುತ್ತಮ ಬೌಲಿಂಗ್ ಬಂದದ್ದು ರಿಪೇರಿಯಾದ ಭುಜದಿಂದ. ಆ ಪಂದ್ಯ ನಾವು 46 ರನ್ನಿಂದ ಸೋತೆವು.