ಮರಗಳು ಮತ್ತು ಹೊರಬೇರುಗಳ ಛಾಯಾಗ್ರಹಣ: ಪಟಾನ್‌ಚೆರು ಪರಿಸರದವರಿಗೊಂದು ಕೈಪಿಡಿ

ಮರದ ಬೇರು ಸಾಮಾನ್ಯವಾಗಿ ನೆಲದೊಳಗೆ ಅಡಗಿರುತ್ತದೆ. ಅದು ಕಣ್ಣಿಗೆ ಬೀಳುವುದು ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ. ಆಲದ ಕೊಂಬೆಯಿಂದ ಇಳಿದ ಬಿಳಲು ನೆಲ ಮುಟ್ಟಿ ಕಂಬದಂತೆ ದಪ್ಪವಾಗುವುದು ಮೊದಲನೆಯದು. ಹಕ್ಕಿಯ ಹಿಕ್ಕೆಯೊಡನೆ ಬಿದ್ದ ಅರಳಿಯ ಬೀಜ ಬಂಡೆಯ ಬಿರುಕಿನಲ್ಲೋ ಹಳೆಯ ಗೋಡೆಯಲ್ಲೋ ಮೊಳೆತು, ಬೇರು ಕಲ್ಲನ್ನು ತಬ್ಬಿ ಕೆಳಗಿಳಿಯುವುದು ಎರಡನೆಯದು. ಮಳೆನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ಬೇರು ಬಯಲಾಗುವುದು ಮೂರನೆಯದು. ಮೊದಲೆರಡು ಮರದ ಸ್ವಭಾವ. ಮೂರನೆಯದು ಅದರ ಸಂಕಟ. ಕ್ಯಾಮೆರಾ ಹಿಡಿದವರು ಈ ವ್ಯತ್ಯಾಸವನ್ನು ಅರಿತಿರಬೇಕು.

ನಮ್ಮ ಸುತ್ತಿನ ನೆಲ

ಪಟಾನ್‌ಚೆರುವಿನಲ್ಲಿ ಕೆಂಪು ಮಣ್ಣೂ ಕಪ್ಪು ಮಣ್ಣೂ ಅಕ್ಕಪಕ್ಕದಲ್ಲಿವೆ. 1972ರಲ್ಲಿ ಇಲ್ಲಿ ಸ್ಥಾಪನೆಗೊಂಡ ಇಕ್ರಿಸ್ಯಾಟ್ ಸಂಸ್ಥೆಯ ಆವರಣದೊಳಗೇ ಎರಡೂ ಬಗೆಯ ಮಣ್ಣನ್ನು ಕಾಣಬಹುದು. ಇಳಿಜಾರಿನ ಕೆಂಪು ಮಣ್ಣು ಮಳೆಗೆ ಕೊಚ್ಚಿಹೋಗುವಲ್ಲಿ, ಕೆರೆಯ ಏರಿ ಹಾಗೂ ರಸ್ತೆಯ ಅಂಚುಗಳಲ್ಲಿ, ಬೇವು, ಹುಣಸೆಗಳ ಬೇರುಗಳನ್ನು ಹುಡುಕಬೇಕು. ಹೈದರಾಬಾದಿನ ಗ್ರಾನೈಟ್ ಬಂಡೆಗಳ ಸಂದುಗಳು ಬಂಡೆಬೇರುಗಳ ತವರು.

ನೋಡತಕ್ಕ ಮರಗಳು

ಗೋಲ್ಕೊಂಡದ ನಯಾ ಕಿಲಾ ಆವರಣದಲ್ಲಿ ಆಫ್ರಿಕಾ ಮೂಲದ ದೈತ್ಯ ಹುಣಸೆ ಇದೆ. ಜನರು ಅದನ್ನು ‘ಹಾಥಿಯಾನ್ ಕಾ ಝಾಡ್’ ಎನ್ನುತ್ತಾರೆ. ಕಾಂಡದ ಸುತ್ತಳತೆ 25 ಮೀಟರಿಗೂ ಹೆಚ್ಚು. ಇದೇ ಜಾತಿಯ ಮೂರು ಪ್ರಸಿದ್ಧ ಮರಗಳು ಹಾವೇರಿ ಜಿಲ್ಲೆಯ ಸವಣೂರಿನಲ್ಲಿದ್ದವು. 2023ರ ಜುಲೈ ತಿಂಗಳ ಮಳೆಯಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಬಳಿಕ ಅದನ್ನು ಎತ್ತಿ ನಿಲ್ಲಿಸಲಾಯಿತು.

ಹೈದರಾಬಾದಿನಿಂದ ವಿಜಯಪುರಕ್ಕೆ ಹೋಗುವ ರಸ್ತೆಯಲ್ಲಿ ಚೇವೆಳ್ಳದ ಆಲದ ಸಾಲು ಸಿಗುತ್ತದೆ. ಸುಮಾರು 46 ಕಿ.ಮೀ. ಉದ್ದಕ್ಕೆ ಸುಮಾರು 900 ಮರಗಳು. ಹೆದ್ದಾರಿ ವಿಸ್ತರಣೆಯಿಂದ ಕುತ್ತು ಬಂದಾಗ ನಾಗರಿಕರು ಮರಗಳನ್ನು ಒಂದೊಂದಾಗಿ ಎಣಿಸಿ, ಸ್ಥಳ ಗುರುತಿಸಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕರು. ಮಹಬೂಬ್‌ನಗರದ ಪಿಲ್ಲಲಮರ್ರಿ ಆಲಕ್ಕೆ ಗೆದ್ದಲು ಹತ್ತಿದಾಗ, 2018ರಲ್ಲಿ, ರೋಗಿಗೆ ಗ್ಲೂಕೋಸ್ ಏರಿಸುವಂತೆ ಬಾಟಲಿಗಳ ಮೂಲಕ ಔಷಧವನ್ನು ಹನಿಹನಿಯಾಗಿ ಉಣಿಸಿದರು.

ಚಿತ್ರ ತೆಗೆಯುವ ಕ್ರಮ

ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬೇರಿನ ಏರಿಳಿತವನ್ನು ಎತ್ತಿ ತೋರಿಸುತ್ತದೆ. ನಡುಹಗಲಿನ ಬಿಸಿಲಿನಲ್ಲಿ ನೆರಳು ಕಪ್ಪುಗಟ್ಟಿ ವಿವರ ಅಳಿಯುತ್ತದೆ. ಮೋಡದ ದಿನ ಆಲದಡಿಯ ಬಿಳಲುಗಳಿಗೆ ಉತ್ತಮ. ಮಳೆ ನಿಂತೊಡನೆ ಒದ್ದೆ ತೊಗಟೆಯ ಬಣ್ಣ ಗಾಢವಾಗಿರುತ್ತದೆ. ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಅಪರ್ಚರನ್ನು ಎಫ್/8ರಿಂದ ಎಫ್/11ರ ನಡುವೆ ಇಟ್ಟರೆ ಹತ್ತಿರದ ಬೇರೂ ಹಿಂದಿನ ಕಾಂಡವೂ ಸ್ಪಷ್ಟವಾಗಿ ಮೂಡುತ್ತವೆ. ಬೆಳಕು ಕಡಿಮೆಯಿದ್ದಲ್ಲಿ ಟ್ರೈಪಾಡ್ ಬೇಕು. ಗಾತ್ರ ತಿಳಿಯಲು ಒಬ್ಬ ವ್ಯಕ್ತಿಯನ್ನು ಮರದ ಪಕ್ಕದಲ್ಲಿ ನಿಲ್ಲಿಸುವುದು ಒಳ್ಳೆಯದು. ದೈತ್ಯ ಹುಣಸೆಯು ಎಲೆ ಉದುರಿಸಿದ ಬೇಸಗೆಯಲ್ಲಿ ಅದರ ಆಕಾರ ಪೂರ್ಣವಾಗಿ ಕಾಣುತ್ತದೆ.

ಚಿತ್ರಕ್ಕಾಗಿ ಮಣ್ಣು ಕೆದಕುವುದು, ಎಳೆಯ ಬಿಳಲುಗಳನ್ನು ಜಗ್ಗುವುದು, ಬೇರಿನ ಮೇಲೆ ಹತ್ತುವುದು ಸಲ್ಲದು. ಬೇರಿನ ಸಂದುಗಳಲ್ಲಿ ಹಾವುಗಳಿರಬಹುದು. ಮಕ್ಕಳೊಡನೆ ಹೋದವರು ಎಚ್ಚರ ವಹಿಸಬೇಕು.

ದಾಖಲೆಯ ಬೆಲೆ

ಕದಿರಿಯ ಬಳಿಯ ತಿಮ್ಮಮ್ಮ ಮರ್ರಿಮಾನು ಸುಮಾರು ಐದು ಎಕರೆಗೆ ಹರಡಿದ ಆಲ. ಅದನ್ನು ಜಗತ್ತಿನ ಗಮನಕ್ಕೆ ತಂದು, 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಲು ಕಾರಣರಾದವರು ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್. ಬೆಂಗಳೂರಿನ ಸಮೀಪದ ಕೇತೋಹಳ್ಳಿಯ ದೊಡ್ಡ ಆಲದ ಮರದ ತಾಯಿಕಾಂಡ ರೋಗದಿಂದ ನಾಶವಾಗಿದೆ. ಇಂದು ನಾವು ನೋಡುವುದು ಅದರ ಬಿಳಲುಗಳಿಂದಾದ ತೋಪನ್ನು. ಆ ಕಾಂಡವನ್ನು ನೋಡಬೇಕೆನ್ನುವವರಿಗೆ ಉಳಿದಿರುವುದು ಹಳೆಯ ಚಿತ್ರಗಳು ಮಾತ್ರ.

ಆದುದರಿಂದ ಪ್ರತಿ ಚಿತ್ರದೊಡನೆ ಮರದ ಹೆಸರು, ಸ್ಥಳ, ದಿನಾಂಕ, ಎದೆಯೆತ್ತರದಲ್ಲಿ ಅಳೆದ ಸುತ್ತಳತೆ ಇವಿಷ್ಟನ್ನು ಬರೆದಿಡುವುದು ಅಗತ್ಯ. ದಿನಾಂಕವಿಲ್ಲದ ಲೆಕ್ಕದ ನಮೂದು ಹೇಗೆ ನಿಲ್ಲದೋ ಹಾಗೆಯೇ ವಿವರವಿಲ್ಲದ ಚಿತ್ರವೂ ಸಾಕ್ಷಿಯಾಗಿ ನಿಲ್ಲದು. ವರ್ಷಕ್ಕೊಮ್ಮೆ ಅದೇ ಜಾಗದಿಂದ, ಅದೇ ತಿಂಗಳಿನಲ್ಲಿ ಚಿತ್ರ ತೆಗೆದರೆ ಎಷ್ಟು ಮಣ್ಣು ಸವೆಯಿತು, ಯಾವ ಬಿಳಲು ನೆಲ ಮುಟ್ಟಿತು, ಎಲ್ಲಿ ಕಾಂಕ್ರೀಟು ಬುಡವನ್ನು ಬಿಗಿಯಿತು ಎಂಬುದು ತಾನಾಗಿ ತಿಳಿಯುತ್ತದೆ. ರಜೆಯಲ್ಲಿ ಊರಿಗೆ ಹೋಗುವ ಕುಟುಂಬಗಳು ದಾರಿಯ ಒಂದು ಮರವನ್ನಾದರೂ ಹೀಗೆ ದಾಖಲಿಸಬಹುದು.